ಎರೆಸೀಮೆಯವರ ಕಡಲಯಾನ

ರೋಣ, ನರಗುಂದಗಳ ಎರೆಹೊಲದಲ್ಲಿ ಬೆಳೆದ ಹತ್ತಿಯು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಎತ್ತಿನ ಬಂಡಿಯನ್ನೇರಿ, ಹುಬ್ಬಳ್ಳಿಯನ್ನು ದಾಟಿ, ಸಹ್ಯಾದ್ರಿಯ ಘಟ್ಟವನ್ನಿಳಿದು, ಕುಮಟೆಯ ಬಂದರಿನಲ್ಲಿ ಹಡಗನ್ನು ಸೇರುತ್ತಿದ್ದಿತು. ಅಲ್ಲಿಂದ ಮುಂಬಯಿಗೂ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೂ ಹೋದ ಆ ಅರಳೆಯನ್ನು ಪರದೇಶದ ವರ್ತಕರು ಕುಮಟಾ ಹತ್ತಿಯೆಂದೇ ಬಲ್ಲವರಾಗಿದ್ದರು. 1884ರಲ್ಲಿ ಗದಗಿಗೆ ರೈಲು ಬಂದು, ಮುಂದೆ ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿ, ಲೋಂಡಾಗಳ ಮಾರ್ಗವಾಗಿ ಮರ್ಮಗೋವಾ ಬಂದರಿನವರೆಗೆ ಹಳಿಗಳು ಕೂಡಿಕೊಂಡ ಮೇಲೆ ಬಂಡಿಯ ದಾರಿ ಹಿಂದೆ ಬಿದ್ದಿತು, ಕುಮಟೆಯ ಗದ್ದಲ ಅಡಗಿತು. ಆದರೆ ನಮ್ಮ ಸೀಮೆಯ ಬೆಳೆಗೂ ಅರಬ್ಬೀ ಸಮುದ್ರಕ್ಕೂ ಇದ್ದ ನಂಟು ಕಡಿಯಲಿಲ್ಲ. ಇಷ್ಟಾಗಿಯೂ ಹತ್ತಿ ಹೋದ ದಾರಿಯಲ್ಲಿ ಹತ್ತಿ ಬೆಳೆದವನು ಹೋದುದು ತೀರ ವಿರಳ. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆಂದು ಕಡಲು ದಾಟಿ, ಆ ಅನುಭವವನ್ನು ‘ಸಮುದ್ರ ಗೀತೆಗಳು’ ಎಂಬ ಸಂಕಲನವಾಗಿ ಕನ್ನಡಕ್ಕೆ ಕೊಟ್ಟರೆಂಬುದು ನಿಜವಾದರೂ, ಅಂಥ ಯಾತ್ರೆ ವಿದ್ಯಾವಂತರಲ್ಲಿ ಒಬ್ಬಿಬ್ಬರ ಪಾಲಿನದಾಗಿತ್ತೇ ಹೊರತು ಒಕ್ಕಲುತನದ ಮನೆಗಳ ಆಲೋಚನೆಗೆ ಎಟುಕತಕ್ಕುದಾಗಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. ರಾಜೂರಿನ ನಿವೃತ್ತ ಶಿಕ್ಷಕರೊಬ್ಬರು ಈಚೆಗೆ ತಮ್ಮ ಮೊಬೈಲಿಗೆ ಬಂದ ಜಾಹೀರಾತೊಂದನ್ನು ನನ್ನ ಮುಂದೆ ಹಿಡಿದು, ‘ಏನ್ರೀ, ಈ ಹಡಗಿನ ಪ್ರವಾಸ ನಮ್ಮಂಥವರಿಗೆ ಆಗೂದೇನ್ರಿ? ಮನಿಯವರಿಗೆ ಮೊಣಕಾಲು ನೋವು, ನಮಗ ಸಸ್ಯಾಹಾರ’ ಎಂದು ಕೇಳಿದಾಗ, ಆ ಪ್ರಶ್ನೆ ಅವರೊಬ್ಬರದಾಗಿ ನನಗೆ ತೋರಲಿಲ್ಲ. ಕಾಶಿ, ರಾಮೇಶ್ವರಗಳನ್ನು ಕಂಡು ಬಂದವರು, ಮಕ್ಕಳು ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನೆಲೆಗೊಂಡು ಅಪ್ಪ ಅವ್ವಂದಿರನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದು ಹಂಬಲಿಸುವವರು, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದವರು, ಹೀಗೆ ನಮ್ಮ ತಾಲೂಕುಗಳಲ್ಲಿ ಕಡಲಯಾನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಮನೆಗಳು ಈಗ ಸಾಕಷ್ಟಿವೆ. ಅವರಿಗೆಲ್ಲ ನಾನು ಹೇಳಬೇಕಾಗಿರುವ ಮುಖ್ಯವಾದ ಮಾತು ಇದು: ಕಡಲಯಾನದ ಸುಖದುಃಖಗಳಲ್ಲಿ ಬಹುಪಾಲು ಹಡಗು ಲಂಗರು ಎತ್ತುವುದಕ್ಕೆ ಮೊದಲೇ, ನೆಲದ ಮೇಲೆ, ನಾವು ತಿಥಿಯನ್ನೂ ಕೋಣೆಯನ್ನೂ ರೈಲನ್ನೂ ಗೊತ್ತುಮಾಡುವ ದಿನಗಳಲ್ಲಿಯೇ ನಿಶ್ಚಿತವಾಗಿಬಿಡುತ್ತವೆ. ಸಮುದ್ರವನ್ನು ದೂರುವ ಪ್ರಸಂಗಗಳು ಕಡಿಮೆ. ಅವಸರದ ಬುಕಿಂಗನ್ನು ದೂರಬೇಕಾದ ಪ್ರಸಂಗಗಳೇ ಹೆಚ್ಚು.

ಮೊದಲು ಎಂಥ ಯಾನ ನಮಗೆ ತಕ್ಕುದೆಂಬ ವಿಚಾರ. ನಮ್ಮ ದೇಶದ ದಡದಿಂದಲೇ ಹೊರಡುವ ವಿಹಾರ ನೌಕೆಗಳಲ್ಲಿ ಎಲ್ಲರಿಗೂ ಪರಿಚಿತವಾಗಿರುವುದು ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’. 1990ರಲ್ಲಿ ಫ್ರಾನ್ಸಿನಲ್ಲಿ ನಿರ್ಮಿತವಾಗಿ, ಅಮೆರಿಕೆಯ ಕಡೆಯ ಸಮುದ್ರಗಳಲ್ಲಿ ಬಹುಕಾಲ ಓಡಾಡಿ, 2021ರ ಸೆಪ್ಟೆಂಬರದಿಂದ ಮುಂಬಯಿಯನ್ನು ನೆಲೆಯಾಗಿಸಿಕೊಂಡ ಈ ಹಡಗು ಇನ್ನೂರು ಮೀಟರಿಗೂ ಮಿಕ್ಕಿ ಉದ್ದವಾದುದು, ಹನ್ನೊಂದು ಅಂತಸ್ತುಗಳುಳ್ಳದ್ದು. ಮುಂಬಯಿಯಿಂದ ಗೋವೆಗೆ ಹೋಗಿ ಬರುವ ಕಿರುಯಾನ, ಲಕ್ಷದ್ವೀಪದವರೆಗಿನ ಐದಾರು ದಿನಗಳ ಯಾನ, ಕೊಚ್ಚಿಯ ಮೇಲಿನ ಯಾನ, ಋತು ಬದಲಾದಾಗ ಚೆನ್ನೈಯಿಂದ ಶ್ರೀಲಂಕೆಯ ಕಡೆಗೆ ಹೋಗುವ ಯಾನ, ಇವು ಅದು ಕೈಗೊಳ್ಳುತ್ತ ಬಂದಿರುವ ಮಾರ್ಗಗಳು. ಮೊದಲ ಸಲ ಹೋಗುವವರು ಎರಡು ಅಥವಾ ಮೂರು ರಾತ್ರಿಯ ಯಾನವನ್ನೇ ಆರಿಸಿಕೊಳ್ಳುವುದು ಲೇಸು. ನೀರಿನ ಮೇಲೆ ನಿದ್ರೆ ಬರುವುದೋ ಇಲ್ಲವೋ, ಇಡೀ ದಿನ ದಡ ಕಾಣದಿದ್ದರೆ ಮನಸ್ಸಿಗೆ ಹಿಗ್ಗಾಗುವುದೋ ಬೇಸರವಾಗುವುದೋ ಎಂಬುದನ್ನು ಅರಿಯುವುದಕ್ಕೆ ಅಷ್ಟು ಸಾಕು. ನಮ್ಮ ರಾಜ್ಯದ ನವ ಮಂಗಳೂರು ಬಂದರಿಗೂ ಪ್ರತಿವರ್ಷ ಪರದೇಶದ ದೊಡ್ಡ ದೊಡ್ಡ ವಿಹಾರ ನೌಕೆಗಳು ಬರುತ್ತವೆ. ಆದರೆ ಅವು ಬೆಳಿಗ್ಗೆ ಬಂದು, ತಮ್ಮ ಪ್ರಯಾಣಿಕರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕದ್ರಿಯ ದೇಗುಲವನ್ನೂ ತೋರಿಸಿ, ಸಂಜೆಗೆ ಹೊರಟುಹೋಗತಕ್ಕವು. ಅಲ್ಲಿ ಹಡಗನ್ನು ಕಾಣಬಹುದೇ ವಿನಾ ಅಲ್ಲಿಂದಲೇ ಹತ್ತಬಹುದೆಂದು ಎಣಿಸಿ ಯೋಜನೆ ಹಾಕುವುದು ಸಲ್ಲದು. ಮುನ್ನೂರು ಕಿಲೋಮೀಟರಿನಷ್ಟು ಕಡಲತೀರವುಳ್ಳ ಕನ್ನಡನಾಡಿನ ದಡದಿಂದಲೇ ಕನ್ನಡಿಗರನ್ನು ಹತ್ತಿಸಿಕೊಂಡು ನಿಯತವಾಗಿ ಹೊರಡುವ ಹಡಗೊಂದು ಇರಬೇಕೆಂಬುದು ನನ್ನ ಬಹುದಿನದ ಆಸೆ. ದೇಶದ ಕಡಲಯಾನವನ್ನು 2029ರೊಳಗೆ ಇಮ್ಮಡಿಗೊಳಿಸುವ ಉದ್ದೇಶದಿಂದ ಕೇಂದ್ರ ಸರಕಾರವು 2024ರ ಸೆಪ್ಟೆಂಬರ 30ರಂದು ಮುಂಬಯಿಯಲ್ಲಿ ಆರಂಭಿಸಿದ ‘ಕ್ರೂಸ್ ಭಾರತ ಮಿಷನ್’ ಮಂಗಳೂರು, ಕಾರವಾರಗಳನ್ನು ಮರೆಯದಿರಲಿ.

ಇನ್ನು ತಿಥಿಯ ಮಾತು. ಜೂನದಿಂದ ಸೆಪ್ಟೆಂಬರದವರೆಗೆ ನೈಋತ್ಯ ಮಾರುತದ ಹೊಡೆತಕ್ಕೆ ಅರಬ್ಬೀ ಸಮುದ್ರ ಉಕ್ಕೇರಿರುತ್ತದೆ; ಕರಾವಳಿಯ ಮೀನುಗಾರರು ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ ತೆಂಗಿನಕಾಯಿಯನ್ನು ಅರ್ಪಿಸಿದ ತರುವಾಯವೇ ದೋಣಿಗಳನ್ನು ನೀರಿಗೆ ಇಳಿಸುತ್ತ ಬಂದಿರುವ ಸಂಪ್ರದಾಯದ ಹಿಂದೆ ಇರುವ ವಿವೇಕವೂ ಅದೇ. ಪಶ್ಚಿಮದ ಕಡಲು ಪ್ರಶಾಂತವಾಗಿರುವುದು ದೀಪಾವಳಿಯಿಂದ ಯುಗಾದಿಯವರೆಗೆ. ಪೂರ್ವದ ಬಂಗಾಳ ಉಪಸಾಗರದಲ್ಲಾದರೋ ಅಕ್ಟೋಬರದಿಂದ ಡಿಸೆಂಬರದವರೆಗೆ ಚಂಡಮಾರುತಗಳ ಭಯ. ಆದುದರಿಂದ ಚೆನ್ನೈಯಿಂದ ಹೊರಡುವ ಯಾನಕ್ಕೂ ಮುಂಬಯಿಯಿಂದ ಹೊರಡುವ ಯಾನಕ್ಕೂ ಒಂದೇ ಪಂಚಾಂಗ ನಡೆಯದು. ಈ ಸಮುದ್ರದ ಕಾಲಮಾನಕ್ಕೆ ನಮ್ಮ ಹೊಲದ ಕಾಲಮಾನವನ್ನು ಹೊಂದಿಸಿ ನೋಡಿದರೆ ಸಂತೋಷದ ಸಂಗತಿಯೊಂದು ಗೋಚರಿಸುತ್ತದೆ. ಹಿಂಗಾರಿಯ ಕಡಲೆಯೂ ಬಿಳಿಜೋಳವೂ ಕಣದಿಂದ ಮನೆಗೆ ಬಂದು, ಒಕ್ಕಲಿಗನ ಕೈಯಲ್ಲಿ ಅಷ್ಟಿಷ್ಟು ಹಣವೂ ಬಿಡುವೂ ಕೂಡಿಬರುವ ಶಿವರಾತ್ರಿಯ ಆಚೀಚಿನ ದಿನಗಳಲ್ಲಿಯೇ ಅರಬ್ಬೀ ಸಮುದ್ರ ಸೌಮ್ಯವಾಗಿರುತ್ತದೆ; ಶಾಲೆಗಳಲ್ಲಿ ಪರೀಕ್ಷೆಯ ಸಿದ್ಧತೆ ನಡೆದಿರುವುದರಿಂದ ಪ್ರವಾಸಿಗರ ನೂಕುನುಗ್ಗಲೂ ಕಡಿಮೆ, ದರವೂ ಇಳಿಮುಖ. ಕ್ರಿಸ್ಮಸ್ ಮತ್ತು ಹೊಸವರ್ಷದ ವಾರದಲ್ಲಿ ಅದೇ ಹಡಗಿನ ಅದೇ ಕೋಣೆಗೆ ಬಹಳ ಹೆಚ್ಚು ತೆರಬೇಕಾಗುತ್ತದೆ. ಮಕ್ಕಳಿಲ್ಲದೆ ಹೋಗುವ ಹಿರಿಯರಿಗೆ ಆ ಗದ್ದಲದಲ್ಲಿ ಹೋಗುವ ಕಾರಣವೇ ಇಲ್ಲ. ವಾರಾಂತ್ಯದ ಯಾನಕ್ಕಿಂತ ವಾರದ ನಡುವೆ ಹೊರಡುವ ಯಾನ ಅಗ್ಗವೆಂಬುದೂ, ಅದರಲ್ಲಿ ಕುಣಿತ ಕುಡಿತಗಳ ಅಬ್ಬರ ಕಡಿಮೆಯೆಂಬುದೂ ನೆನಪಿನಲ್ಲಿರಲಿ.

ದರದ ವಿಷಯದಲ್ಲಿ ತುಸು ನಿಂತು ಯೋಚಿಸಬೇಕು, ಏಕೆಂದರೆ ನಮ್ಮವರು ಮೋಸಹೋದೆವೆಂದು ಕೊರಗುವುದು ಇಲ್ಲಿಯೇ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾಗಿರುವ ಮೊತ್ತವು ಸಾಮಾನ್ಯವಾಗಿ ಎಲ್ಲಕ್ಕೂ ಅಗ್ಗದ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಇಬ್ಬರು ಇರುವರೆಂದು ಎಣಿಸಿ ಒಬ್ಬರ ತಲೆಗೆ ಹಚ್ಚಿದ ದರ. ಉದಾಹರಣೆಗೆ ಆ ಮೊತ್ತ 20,000 ರೂಪಾಯಿಯೆಂದು ಭಾವಿಸೋಣ. ದಂಪತಿಗಳಿಬ್ಬರಿಗೆ ಅದು 40,000. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕ, ಜಿಎಸ್‌ಟಿ. ಅನಂತರ ಊರಿನಿಂದ ಮುಂಬಯಿಗೆ ಹೋಗಿ ಬರುವ ರೈಲು, ಹಿಂದಿನ ರಾತ್ರಿಯ ವಸತಿ, ಟ್ಯಾಕ್ಸಿ. ಹಡಗಿನಲ್ಲಿ ಕುಡಿಯುವ ತಂಪು ಪಾನೀಯ, ಇಂಟರ್‌ನೆಟ್, ಹಣ ಕೊಟ್ಟು ನೋಡುವ ಪ್ರದರ್ಶನ. ದಡದಲ್ಲಿ ಊರು ತೋರಿಸುವ ಬಸ್ಸಿನ ಶುಲ್ಕ. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಕೆಳಗೆ ಕೆಳಗೆ ಬರೆದು ಕೂಡಿಸಿದರೆ ನಿಜವಾದ ಖರ್ಚು ಜಾಹೀರಾತಿನ ಅಂಕಿಗಿಂತ ಬಹಳ ದೂರ ಹೋಗಿ ನಿಲ್ಲುತ್ತದೆ. ಇದು ಕಂಪನಿಯವರ ಕಪಟವೆಂದು ನಾನು ಹೇಳುತ್ತಿಲ್ಲ. ಎಲ್ಲವೂ ಕರಾರಿನ ಕಾಗದದಲ್ಲಿ ಬರೆದಿರುತ್ತದೆ. ಆದರೆ ಕರಾರನ್ನು ಓದುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಹಣ ಕಟ್ಟುವ ಮುನ್ನ ಏಜೆಂಟನ ಬಾಯಿಮಾತಿಗೆ ತೃಪ್ತರಾಗದೆ, ‘ಎಲ್ಲ ಸೇರಿ ಇಬ್ಬರಿಗೆ ಎಷ್ಟು, ಇದರಲ್ಲಿ ಯಾವುದು ಸೇರಿಲ್ಲ’ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಪಡೆಯತಕ್ಕದ್ದು. ಕೋಣೆಯಲ್ಲಿ ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಇಬ್ಬರ ದರವನ್ನೇ ತೆರಬೇಕಾಗುವುದು ಸಾಮಾನ್ಯ. ಅದೇ ಕೋಣೆಯಲ್ಲಿ ಮೂರನೆಯವರೋ ನಾಲ್ಕನೆಯವರೋ ಇದ್ದರೆ ಅವರಿಗೆ ರಿಯಾಯಿತಿ ಸಿಗುವುದೂ ಉಂಟು. ವಿಧವೆಯಾದ ಸೋದರತ್ತೆಯೊಬ್ಬರು ಜೊತೆಗಿದ್ದರೆ ಅವರಿಗೆ ಪ್ರತ್ಯೇಕ ಕೋಣೆ ಮಾಡುವುದೋ ಮೊಮ್ಮಗಳ ಜೊತೆ ಇರಿಸುವುದೋ ಎಂಬುದನ್ನು ಮನೆಯಲ್ಲಿಯೇ ಕುಳಿತು ತೀರ್ಮಾನಿಸಿದರೆ ಸಾವಿರಾರು ರೂಪಾಯಿಯ ಉಳಿತಾಯ.

ಊಟದ ಮಟ್ಟಿಗೆ ನಿವೃತ್ತ ಗುರುಗಳ ಆತಂಕಕ್ಕೆ ಅವಕಾಶವಿಲ್ಲ. ದರದಲ್ಲಿಯೇ ಮೂರು ಹೊತ್ತಿನ ಊಟ ಸೇರಿರುತ್ತದೆ, ನಮ್ಮ ದೇಶದ ಪ್ರವಾಸಿಗರನ್ನೇ ನಂಬಿದ ಹಡಗುಗಳಲ್ಲಿ ಸಸ್ಯಾಹಾರವೂ ಜೈನ ಆಹಾರವೂ ಧಾರಾಳವಾಗಿ ಸಿಗುತ್ತವೆ. ಬುಕಿಂಗ್ ಮಾಡುವಾಗಲೇ ಅದನ್ನು ನಮೂದಿಸಿದರೆ ಇನ್ನೂ ಉತ್ತಮ. ಹೊರಗಿನ ತಿನಿಸನ್ನು ಹಡಗಿನೊಳಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲವಾದುದರಿಂದ, ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾಚಟ್ನಿ, ಗುರೆಳ್ಳು ಪುಡಿಗಳ ಗಂಟು ರೈಲಿನಲ್ಲಿಯೇ ಬಿಚ್ಚತಕ್ಕುದು.

ಕೋಣೆಯ ಆಯ್ಕೆಯು ಕೇವಲ ಅಂತಸ್ತಿನ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ಒಳಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ, ಸೂಟ್ ಎಂದು ದರ ಏರುತ್ತ ಹೋಗುವಾಗ, ದುಬಾರಿಯಾದುದೇ ಶ್ರೇಷ್ಠವೆಂಬ ಭ್ರಮೆ ಹುಟ್ಟುವುದು ಸಹಜ. ಆದರೆ ಅಲೆಗಳ ಮೇಲೆ ಹಡಗು ತೂಗುವಾಗ ಮುಂದಿನ ತುದಿಯೂ ಹಿಂದಿನ ತುದಿಯೂ ಮೇಲಿನ ಅಂತಸ್ತುಗಳೂ ಹೆಚ್ಚು ಓಲಾಡುತ್ತವೆ, ನಟ್ಟನಡುವಿನ ಕೆಳ ಅಂತಸ್ತು ಎಲ್ಲಕ್ಕಿಂತ ಕಡಿಮೆ ಅಲುಗುತ್ತದೆ. ರೋಣದಿಂದ ಗಜೇಂದ್ರಗಡಕ್ಕೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನವನಿಗೆ ಆಗುವ ಎತ್ತಾಟ ನಡುವಿನ ಸೀಟಿನವನಿಗೆ ಆಗದಿರುವ ಹಾಗೆ. ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಸ್ವಭಾವದವರು ಹೆಚ್ಚು ಹಣ ತೆತ್ತು ಮೇಲಂತಸ್ತಿನ ಮುಂಭಾಗದ ಬಾಲ್ಕನಿಯನ್ನು ಹಿಡಿಯುವುದಕ್ಕಿಂತ ನಡುಭಾಗದ ಕೆಳ ಅಂತಸ್ತಿನ ಕಿಟಕಿಯ ಕೋಣೆಯನ್ನು ಹಿಡಿಯುವುದು ವಿವೇಕ. ಮೊಣಕಾಲು ನೋವಿನವರು ಲಿಫ್ಟಿಗೆ ಸಮೀಪದ ಕೋಣೆಯನ್ನು ಕೇಳಬೇಕು. ಇನ್ನೂರು ಮೀಟರಿನ ಹಡಗಿನಲ್ಲಿ ಒಂದು ತುದಿಯ ಕೋಣೆಯಿಂದ ಮತ್ತೊಂದು ತುದಿಯ ಊಟದ ಮನೆಗೆ ದಿನಕ್ಕೆ ಮೂರು ಸಲ ನಡೆಯುವುದು ಸಣ್ಣ ಮಾತಲ್ಲ. ತಲೆಯ ಮೇಲಿನ ಅಂತಸ್ತಿನಲ್ಲಿ ನೃತ್ಯಶಾಲೆ ಇದೆಯೋ ಏನೋ ಎಂಬುದನ್ನೂ ಹಡಗಿನ ನಕಾಶೆಯಲ್ಲಿ ನೋಡಿಕೊಂಡರೆ ರಾತ್ರಿಯ ನಿದ್ರೆ ಉಳಿಯುತ್ತದೆ. ನಕಾಶೆ ಕಂಪನಿಯ ಜಾಲತಾಣದಲ್ಲಿಯೇ ದೊರೆಯುತ್ತದೆ. ‘ನೀವೇ ಒಂದು ಕೋಣೆ ಕೊಡ್ರಿ’ ಎಂದು ಬಿಟ್ಟುಬಿಟ್ಟರೆ, ಬೇರೆ ಯಾರೂ ಆರಿಸಿಕೊಳ್ಳದೆ ಉಳಿದುದೇ ನಮ್ಮ ಪಾಲಿಗೆ ಬಂದೀತು.

ಕಡಲ ವಾಕರಿಕೆಯೆಂಬುದು ಹೊಟ್ಟೆಯ ದೋಷದಿಂದ ಹುಟ್ಟುವುದಲ್ಲ. ಕಿವಿಯೊಳಗಿನ ಸಮತೋಲದ ಅಂಗವು ದೇಹ ಚಲಿಸುತ್ತಿದೆಯೆಂದು ತಿಳಿಸುವಾಗ, ಕೋಣೆಯ ಸ್ಥಿರವಾದ ಗೋಡೆಯನ್ನು ನೋಡುತ್ತಿರುವ ಕಣ್ಣು ಚಲನೆಯೇ ಇಲ್ಲವೆಂದು ಹೇಳುವುದರಿಂದ ಮಿದುಳಿಗೆ ಆಗುವ ಗೊಂದಲವೇ ಅದರ ಮೂಲ. ಅದಕ್ಕಾಗಿಯೇ ಮೇಲಿನ ಡೆಕ್ಕಿಗೆ ಬಂದು ದಿಗಂತದ ರೇಖೆಯನ್ನು ದಿಟ್ಟಿಸುತ್ತ ನಿಂತರೆ ಬಹಳ ಜನರಿಗೆ ಹಗುರಾಗುತ್ತದೆ. ಶುಂಠಿಯಿಂದಲೂ ಕೆಲವರಿಗೆ ಉಪಶಮನ ಉಂಟು. ಮಾತ್ರೆ ತೆಗೆದುಕೊಳ್ಳುವವರು ಊರಿನ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಅದರಲ್ಲಿಯೂ ರಕ್ತದೊತ್ತಡ, ಗ್ಲಾಕೋಮಾ, ಪ್ರೋಸ್ಟೇಟ್ ತೊಂದರೆಯುಳ್ಳ ಹಿರಿಯರು. ವಾಕರಿಕೆ ಆರಂಭವಾದ ಮೇಲೆ ನುಂಗಿದ ಮಾತ್ರೆಗಿಂತ ಹೊರಡುವ ಮುನ್ನ ನುಂಗಿದ ಮಾತ್ರೆ ಫಲಕಾರಿ. ಗರ್ಭಿಣಿಯರ ವಿಷಯದಲ್ಲಿ ಬಹುತೇಕ ಕಂಪನಿಗಳು ಇಪ್ಪತ್ತನಾಲ್ಕನೆಯ ವಾರಕ್ಕೆ ಬಂದವರನ್ನು ಹತ್ತಿಸಿಕೊಳ್ಳುವುದಿಲ್ಲ, ಆರು ತಿಂಗಳೊಳಗಿನ ಶಿಶುಗಳನ್ನೂ ಹಾಗೆಯೇ. ಈ ನಿಯಮವನ್ನು ಬಂದರಿನ ಬಾಗಿಲಲ್ಲಿ ಅರಿಯುವಂತಾಗಬಾರದು.

ಹೆಸರಿನ ವಿಷಯವೊಂದಿದೆ, ನೋಡುವುದಕ್ಕೆ ಕ್ಷುಲ್ಲಕ, ಆದರೆ ನಮ್ಮ ಕಡೆ ಇದರಿಂದ ಆಗುವ ತೊಡಕು ಅಷ್ಟಿಷ್ಟಲ್ಲ. ಆಧಾರ ಕಾರ್ಡಿನಲ್ಲಿ ತಂದೆಯ ಹೆಸರು ಕೂಡಿ ಅಡ್ಡಹೆಸರು ಬಿಟ್ಟಿರುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ ಅಡ್ಡಹೆಸರು ಇದ್ದು ತಂದೆಯ ಹೆಸರು ಒಂದಕ್ಷರಕ್ಕೆ ಇಳಿದಿರುತ್ತದೆ, ಹೆಣ್ಣುಮಕ್ಕಳ ಕಾಗದಗಳಲ್ಲಿ ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಮತ್ತೊಂದು ಕಡೆ. ಬುಕಿಂಗ್ ಮಾಡುವ ಮಗನು ಬೆಂಗಳೂರಿನಲ್ಲಿ ಕುಳಿತು, ರೂಢಿಯಲ್ಲಿ ಕರೆಯುವ ಹೆಸರನ್ನೇ ಟಿಕೇಟಿಗೆ ಬರೆದುಬಿಡುತ್ತಾನೆ. ಯಾವ ಗುರುತಿನ ಚೀಟಿಯನ್ನು ಬಂದರಿನಲ್ಲಿ ತೋರಿಸಲಿರುವೆವೋ ಅದರಲ್ಲಿರುವ ಹೆಸರೇ ಅಕ್ಷರಶಃ ಟಿಕೇಟಿನಲ್ಲಿ ಇರಬೇಕು. ದೇಶದೊಳಗಿನ ಯಾನಕ್ಕೆ ಸರಕಾರ ಕೊಟ್ಟ ಭಾವಚಿತ್ರಸಹಿತ ಗುರುತಿನ ಚೀಟಿ ಸಾಕು; ಶ್ರೀಲಂಕೆಯಂಥ ಪರದೇಶದ ಬಂದರನ್ನು ಮುಟ್ಟುವ ಯಾನವಾದರೆ ಪಾಸ್‌ಪೋರ್ಟು ಬೇಕು, ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು.

ಇನ್ನು ನೆಲದ ದಾರಿ. ಗದಗಿನಿಂದ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರಗಳ ಮೇಲೆ ಮುಂಬಯಿಗೆ ಹೋಗುವ ರೈಲು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗೂ ಹೋಗುವುದು ನಮಗೆ ಒದಗಿದ ಒಂದು ಅನುಕೂಲ. ಏಕೆಂದರೆ ಬಲ್ಲಾರ್ಡ್ ಪಿಯರಿನ ಹಡಗುಕಟ್ಟೆ ಆ ನಿಲ್ದಾಣದಿಂದ ಎರಡು ಕಿಲೋಮೀಟರಿಗೂ ಒಳಗಿದೆ. ಒಂದು ಕಾಲಕ್ಕೆ ವಿಲಾಯತಿಗೆ ಹೋಗುವವರು ಹಡಗು ಹತ್ತುತ್ತಿದ್ದ ಅದೇ ಬಲ್ಲಾರ್ಡ್ ಪಿಯರಿನ ಬಳಿ, 2025ರ ಸೆಪ್ಟೆಂಬರದಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟಿತವಾಗಿದೆ. ಗೋವೆಯಿಂದ ಹತ್ತುವವರಿಗಾದರೆ ಗದಗಿನ ಮೇಲೆಯೇ ಹಾಯ್ದು ಹುಬ್ಬಳ್ಳಿ, ಲೋಂಡಾ, ದೂಧಸಾಗರಗಳ ಮಾರ್ಗವಾಗಿ ವಾಸ್ಕೋಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ. ವಾಸ್ಕೋದ ಮಗ್ಗುಲಲ್ಲಿಯೇ ಮರ್ಮಗೋವಾ ಬಂದರು. ರೋಣ, ಗಜೇಂದ್ರಗಡಗಳ ಕಡೆಯಿಂದ ದುಡಿಮೆಗೆಂದು ಗೋವೆಗೆ ಹೋದ ಎಷ್ಟೋ ಕುಟುಂಬಗಳು ಆ ಬಂದರಿನ ಆಸುಪಾಸಿನಲ್ಲಿ ಕಲ್ಲು ಮಣ್ಣು ಹೊತ್ತು, ದೂರದಿಂದ ಈ ಬಿಳಿಯ ಹಡಗುಗಳನ್ನು ನೋಡಿವೆ. ಆ ಮನೆಗಳಲ್ಲಿ ಓದಿ ಕೆಲಸಕ್ಕೆ ಸೇರಿದ ಮಕ್ಕಳು ತಂದೆತಾಯಿಗಳನ್ನು ಆ ಹಡಗಿನ ಮೆಟ್ಟಿಲು ಹತ್ತಿಸುವುದನ್ನು ನೋಡಬೇಕೆಂದು ನನಗೆ ಮನಸಾರೆ ಅನಿಸುತ್ತದೆ.

ರೈಲಿಗೂ ಹಡಗಿಗೂ ನಡುವೆ ಒಂದು ರಾತ್ರಿಯ ಅಂತರವನ್ನು ಇಟ್ಟುಕೊಳ್ಳುವುದು ಅತ್ಯಗತ್ಯ. ಬೆಳಿಗ್ಗೆ ಮುಂಬಯಿಗೆ ಇಳಿದು ಮಧ್ಯಾಹ್ನಕ್ಕೆ ಹಡಗು ಹತ್ತುವೆವೆಂಬ ಲೆಕ್ಕ ಕಾಗದದ ಮೇಲೆ ಸರಿಕಾಣುತ್ತದೆ. ಸೊಲ್ಲಾಪುರದ ಆಚೆ ಒಂದು ಗೂಡ್ಸ್ ಗಾಡಿ ಕೆಟ್ಟು ನಿಂತಿತೆಂದರೆ ಆ ಲೆಕ್ಕ ಮುರಿಯುತ್ತದೆ. ಹಡಗು ಹೊರಡುವ ವೇಳೆಗೂ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುವ ವೇಳೆಗೂ ಬಹಳ ಅಂತರವಿರುತ್ತದೆ. ಬಾಗಿಲು ಮುಚ್ಚಿದ ಮೇಲೆ ಹಡಗು ಕಣ್ಣೆದುರಿಗೇ ನಿಂತಿದ್ದರೂ ಹತ್ತುವ ಹಾಗಿಲ್ಲ, ಹಣವೂ ಮರಳುವುದಿಲ್ಲ. ರೈಲಿನ ಮುಂಗಡ ಟಿಕೇಟು ಈಗ ಅರವತ್ತು ದಿನ ಮೊದಲು ಮಾತ್ರ ದೊರೆಯುವುದರಿಂದ, ನಾಲ್ಕೈದು ತಿಂಗಳು ಮುಂಚೆ ಹಡಗನ್ನು ಗೊತ್ತುಮಾಡಿದವರು ರೈಲಿನ ಬುಕಿಂಗ್ ತೆರೆಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಟ್ಟುಕೊಳ್ಳಲಿ.

ಬಂದರಿನಲ್ಲಿ ನಡೆಯುವ ಕ್ರಮ ವಿಮಾನ ನಿಲ್ದಾಣವನ್ನು ಹೋಲುತ್ತದೆ. ಮನೆಯಿಂದಲೇ ಮಾಡಬೇಕಾದ ವೆಬ್ ಚೆಕ್‌ಇನ್ ಮುಗಿಸಿ, ಅದರ ಕಾಗದವನ್ನು ಮುದ್ರಿಸಿಕೊಂಡು ಹೋಗಬೇಕು. ದೊಡ್ಡ ಪೆಟ್ಟಿಗೆಗಳಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಅಲ್ಲಿಯೇ ಒಪ್ಪಿಸಬೇಕು. ಅವು ಕೋಣೆಯ ಬಾಗಿಲಿಗೆ ತಾವಾಗಿ ಬರುತ್ತವೆ, ಆದರೆ ಬರುವಷ್ಟರಲ್ಲಿ ಸಂಜೆಯಾಗಿರಬಹುದು. ಮಧುಮೇಹಿಗಳು ಮಾತ್ರೆಯ ಡಬ್ಬಿಯನ್ನು ಪೆಟ್ಟಿಗೆಯ ತಳದಲ್ಲಿ ಸೀರೆಗಳ ನಡುವೆ ಇಟ್ಟು, ಮಧ್ಯಾಹ್ನದ ಊಟಕ್ಕೆ ಮಾತ್ರೆಯಿಲ್ಲದೆ ಪರದಾಡುವ ಸಂಭವ ಇರುವುದು ಇಲ್ಲಿಯೇ. ಔಷಧ, ವೈದ್ಯರ ಚೀಟಿ, ಗುರುತಿನ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ ಇವಿಷ್ಟು ಕೈಚೀಲದಲ್ಲಿಯೇ ಇರಬೇಕು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಕೆಟಲ್ ಮೊದಲಾದವನ್ನು ಬೆಂಕಿಯ ಭಯದಿಂದ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನೊಳಗೆ ನೋಟುಗಳ ವ್ಯವಹಾರ ಇರುವುದಿಲ್ಲ. ಕೋಣೆಯ ಕೀಲಿಯಾದ ಕಾರ್ಡಿಗೇ ಖರ್ಚು ಬರೆದುಕೊಂಡು ಕೊನೆಗೆ ಲೆಕ್ಕ ಮಾಡುತ್ತಾರೆ. ಕ್ರೆಡಿಟ್ ಕಾರ್ಡ್ ಇಲ್ಲದವರು ಮುಂಗಡವಾಗಿ ನಗದು ಜಮೆ ಮಾಡುವ ಅವಕಾಶವನ್ನು ಮೊದಲೇ ವಿಚಾರಿಸಬೇಕು. ದಡ ಮರೆಯಾದೊಡನೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬಾರದು. ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡ ಮೊಬೈಲು ಒಂದೆರಡು ಕರೆಗಳಿಗೆ ತಿಂಗಳ ಬಿಲ್ಲನ್ನು ಮೀರಿಸುವ ವೆಚ್ಚವನ್ನು ತಂದೊಡ್ಡಬಲ್ಲದು.

ಹಡಗು ಹತ್ತಿದ ಮೇಲೆ ಮೊಟ್ಟಮೊದಲು ನಡೆಯುವ ಸುರಕ್ಷಾ ಕವಾಯತನ್ನು ಕೆಲವರು ಕಾಟಾಚಾರವೆಂದು ಭಾವಿಸಿ ಕೋಣೆಯಲ್ಲಿ ಮಲಗಿಬಿಡುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಂಡೆಗೆ ತಾಗಿ ಒರಗಿದ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗಿನಲ್ಲಿ 32 ಜನ ಮಡಿದರು; ಅದೇ ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಕವಾಯತು ನಡೆದಿರಲಿಲ್ಲ. ಆ ದುರಂತದ ತರುವಾಯ ತಿದ್ದುಪಡಿಯಾದ ಅಂತರರಾಷ್ಟ್ರೀಯ ನಿಯಮದಂತೆ ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ಕವಾಯತು ನಡೆಯಲೇಬೇಕು. ಏಳು ಗಿಡ್ಡ ಸೀಟಿ, ಆಮೇಲೆ ಒಂದು ಉದ್ದ ಸೀಟಿ ಕೇಳಿಬಂದರೆ ಅದು ಅಪಾಯದ ಸಂಕೇತ. ತಮ್ಮ ಗುಂಪು ಕೂಡಬೇಕಾದ ಜಾಗ ಯಾವುದೆಂಬುದನ್ನು ಮನೆಯ ಹಿರಿಯರೂ ಮಕ್ಕಳೂ ಒಮ್ಮೆ ನಡೆದು ನೋಡಿಕೊಂಡಿರಬೇಕು.

ಲಕ್ಷದ್ವೀಪಕ್ಕೆ ಹೋಗುವವರಿಗೆ ಕೆಲವು ಪ್ರತ್ಯೇಕ ಮಾತುಗಳಿವೆ, ಆ ದ್ವೀಪಗಳ ಮೇಲೆ ಕನ್ನಡಿಗರಿಗೆ ವಿಶೇಷ ಮಮತೆ ಇರುವುದಕ್ಕೆ ಕಾರಣವೂ ಇದೆ: ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅಲ್ಲಿಯ ತೆಂಗಿನ ನಾರು ಮಂಗಳೂರಿನ ಪೇಟೆಗೆ ಬರುತ್ತಿತ್ತು. ಇಂದು ಖಾಸಗಿ ವಿಹಾರ ನೌಕೆಯಲ್ಲದೆ, ಲಕ್ಷದ್ವೀಪ ಆಡಳಿತದ ಪ್ರಯಾಣಿಕ ಹಡಗುಗಳೂ ಕೊಚ್ಚಿಯಿಂದ ಹೊರಡುತ್ತವೆ; ದ್ವೀಪವನ್ನು ಅನುಸರಿಸಿ ಹದಿನಾಲ್ಕರಿಂದ ಹದಿನೆಂಟು ತಾಸುಗಳ ದಾರಿ. ಅಲ್ಲಿಯ ಆಡಳಿತದ ‘ಸ್ಪೋರ್ಟ್ಸ್’ ಎಂಬ ಸಂಸ್ಥೆ ‘ಸಮುದ್ರಂ’ ಎಂಬ ಹೆಸರಿನಲ್ಲಿ ‘ಎಂ.ವಿ. ಕವರತ್ತಿ’ ಹಡಗಿನಲ್ಲಿ ಏರ್ಪಡಿಸುತ್ತ ಬಂದ ಐದು ದಿನಗಳ ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ಹಗಲು ನೋಡಿ, ರಾತ್ರಿ ಹಡಗಿಗೆ ಮರಳುವುದು ಕ್ರಮ. ವೈಭವ ಇಲ್ಲಿ ಕಡಿಮೆ. ಸಮುದ್ರ ಮಾತ್ರ ಅದೇ. ದ್ವೀಪಕ್ಕೆ ಕಾಲಿಡಲು ಪ್ರವೇಶ ಪರವಾನಗಿ ಕಡ್ಡಾಯವಾದುದರಿಂದ, ಅದನ್ನು ಯಾರು ಮಾಡಿಸಿಕೊಡುತ್ತಾರೆ, ಯಾವ ಕಾಗದ ಬೇಕು ಎಂಬುದನ್ನು ಹಣ ಕಟ್ಟುವ ಮುನ್ನವೇ ತಿಳಿಯಬೇಕು.

ಈ ದ್ವೀಪಗಳ ಸುತ್ತ ಹವಳದ ದಿಬ್ಬವಿದ್ದು ನೀರು ಆಳವಿಲ್ಲದಿರುವುದರಿಂದ ದೊಡ್ಡ ಹಡಗು ದೂರದಲ್ಲಿಯೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಆ ಘಳಿಗೆಯ ಚಿತ್ರವನ್ನು ಹಿರಿಯರು ಮೊದಲೇ ಮನಸ್ಸಿನಲ್ಲಿ ಕಂಡಿರುವುದು ಒಳ್ಳೆಯದು: ಬಾಗಿಲಿನ ಹೊಸ್ತಿಲು ಸ್ಥಿರವಾಗಿರುತ್ತದೆ, ಕೆಳಗಿನ ದೋಣಿ ಅಲೆಯೊಡನೆ ಒಮ್ಮೆ ಹೊಸ್ತಿಲ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಒಂದೆರಡು ಅಡಿ ಕೆಳಗೆ ಬೀಳುತ್ತದೆ; ಇಬ್ಬರು ನಾವಿಕರು ಎರಡೂ ರಟ್ಟೆಗಳನ್ನು ಹಿಡಿದು, ದೋಣಿ ಮೇಲೇರಿದ ಕ್ಷಣದಲ್ಲಿ ಹೆಜ್ಜೆ ಇಡಿಸುತ್ತಾರೆ. ಕೈಯಲ್ಲಿ ಚೀಲ ಹಿಡಿದವರಿಗೆ, ನೆರಿಗೆ ಕಾಲಿಗೆ ತೊಡರುವಂತೆ ಸೀರೆ ಉಟ್ಟವರಿಗೆ, ಮೊಣಕಾಲು ಬಾಗದವರಿಗೆ ಆ ಒಂದು ಹೆಜ್ಜೆ ಕಠಿಣ. ಅಂಥವರು ಹಡಗುಕಟ್ಟೆಗೆ ನೇರವಾಗಿ ತಾಗುವ ಗೋವೆ, ಕೊಚ್ಚಿಗಳ ಯಾನವನ್ನು ಆರಿಸಿಕೊಂಡರೆ ಮನಸ್ಸಿಗೂ ದೇಹಕ್ಕೂ ನೆಮ್ಮದಿ. ಸಮುದ್ರ ಕೆರಳಿದ್ದರೆ ದೋಣಿಗಳನ್ನು ಇಳಿಸುವುದೇ ಇಲ್ಲ, ದ್ವೀಪವನ್ನು ದೂರದಿಂದಲೇ ನೋಡಿ ಮರಳಬೇಕಾಗುತ್ತದೆ. ಬಂದರನ್ನು ಬದಲಿಸುವ ಅಥವಾ ಕೈಬಿಡುವ ಅಧಿಕಾರ ಹಡಗಿನ ಕಪ್ತಾನನದೇ ಎಂದು ಕರಾರಿನಲ್ಲಿ ಬರೆದಿರುತ್ತದೆ, ಅದು ನ್ಯಾಯವೂ ಹೌದು.

ಸಿಂಗಪುರದಿಂದಲೋ ಯುರೋಪಿನಿಂದಲೋ ಹೊರಡುವ ಯಾನಗಳ ವಿಷಯವನ್ನು ಇನ್ನೊಮ್ಮೆ ವಿಸ್ತಾರವಾಗಿ ಬರೆಯಬೇಕು. ಸದ್ಯಕ್ಕೆ ಇಷ್ಟು ಸಾಕು: ಹೊರಟ ಬಂದರಿಗೇ ಹಡಗು ಮರಳುವುದರಿಂದ ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಗುತ್ತದೆ, ಆದಕಾರಣ ಒಂದೇ ಸಲ ಪ್ರವೇಶ ಕೊಡುವ ವೀಸಾ ಸಾಲದು; ಪ್ರವಾಸ ವಿಮೆ ಅನಿವಾರ್ಯ, ಹಡಗಿನ ವೈದ್ಯರ ಶುಲ್ಕ ಬಹಳ ದುಬಾರಿ; ವಿದೇಶ ಪ್ರವಾಸದ ಪ್ಯಾಕೇಜಿಗೆ ಹಣ ಕಟ್ಟುವಾಗ ಟಿಸಿಎಸ್ ಎಂದು ಹಿಡಿದುಕೊಳ್ಳುವ ಮೊತ್ತವನ್ನು ಆದಾಯಕರದ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದುದರಿಂದ ಅದರ ರಸೀದಿಯನ್ನು ಜೋಪಾನವಾಗಿ ಇಡಬೇಕು. ದಡದಲ್ಲಿ ಸ್ವಂತವಾಗಿ ಟ್ಯಾಕ್ಸಿ ಮಾಡಿಕೊಂಡು ತಿರುಗಾಡಲು ಹೋದವರಿಗೆ ಹಡಗು ಕಾಯುವುದಿಲ್ಲ ಎಂಬ ನಿಯಮ ದೇಶದಲ್ಲಿಯೂ ವಿದೇಶದಲ್ಲಿಯೂ ಒಂದೇ.

ಹಣ ಕಟ್ಟುವ ರೀತಿಯಲ್ಲಿಯೂ ಎಚ್ಚರ ಬೇಕು. ಗೊತ್ತಿಲ್ಲದವರು ವಾಟ್ಸ್ಯಾಪಿನಲ್ಲಿ ಕಳಿಸಿದ ಕ್ಯೂಆರ್ ಚಿತ್ರಕ್ಕೆ ಹಣ ಹಾಕುವುದಾಗಲಿ, ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಮುಂಗಡ ಕಳಿಸುವುದಾಗಲಿ ತರವಲ್ಲ. ಕಂಪನಿಯ ಜಾಲತಾಣದಲ್ಲಿಯೋ, ಕಚೇರಿಯೂ ಜಿಎಸ್‌ಟಿ ಸಂಖ್ಯೆಯೂ ಇರುವ ಏಜೆನ್ಸಿಯಲ್ಲಿಯೋ ಕಟ್ಟಿ, ಬುಕಿಂಗ್ ಸಂಖ್ಯೆ ಬಂದೊಡನೆ ಕಂಪನಿಯ ಸಹಾಯವಾಣಿಗೆ ಕರೆಮಾಡಿ ಅದು ನಿಜವೆಂದು ಖಚಿತಪಡಿಸಿಕೊಳ್ಳಬೇಕು. ಯಾನವನ್ನು ರದ್ದುಪಡಿಸಿದರೆ ಮರಳುವ ಹಣ ದಿನ ಹತ್ತಿರವಾದಂತೆಲ್ಲ ಕರಗುತ್ತ ಹೋಗುತ್ತದೆ, ಕೊನೆಯ ಎರಡು ಮೂರು ವಾರಗಳಲ್ಲಿ ಅನೇಕ ಸಲ ಏನೂ ಉಳಿಯುವುದಿಲ್ಲ. ಮನೆಯಲ್ಲಿ ತೊಂಬತ್ತರ ಅಜ್ಜಿ ಹಾಸಿಗೆ ಹಿಡಿದಿದ್ದಾಗ, ಹೆರಿಗೆಗೆ ಬಂದ ಮಗಳಿದ್ದಾಗ, ಕೋರ್ಟಿನ ತಾರೀಖು ಗೊತ್ತಾಗಬೇಕಾಗಿರುವಾಗ, ರಿಯಾಯಿತಿಯ ಆಸೆಗೆ ಬಿದ್ದು ಮರಳಿ ಸಿಗದ ಟಿಕೇಟನ್ನು ಕೊಳ್ಳುವುದಕ್ಕಿಂತ ತುಸು ಹೆಚ್ಚು ತೆತ್ತು ತಿಥಿಯನ್ನು ಬದಲಿಸಲು ಅವಕಾಶವುಳ್ಳ ಟಿಕೇಟನ್ನು ಕೊಳ್ಳುವುದೇ ಕ್ಷೇಮ.

ಮರಳುವ ದಿನದ ಯೋಜನೆಯನ್ನು ಬಹಳ ಜನ ಮಾಡಿಯೇ ಇರುವುದಿಲ್ಲ. ಕೊನೆಯ ರಾತ್ರಿಯೇ ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿ ಕೋಣೆಯ ಹೊರಗೆ ಇಡಬೇಕಾಗುತ್ತದೆ, ಆದುದರಿಂದ ಮರುದಿನ ಉಡುವ ಬಟ್ಟೆಯನ್ನು ಮೊದಲೇ ತೆಗೆದಿಟ್ಟುಕೊಳ್ಳತಕ್ಕದ್ದು. ಅದೇ ರಾತ್ರಿ ಖರ್ಚಿನ ಲೆಕ್ಕದ ಚೀಟಿಯನ್ನು ಕೇಳಿ ಪಡೆದು, ತಾವು ತೆಗೆದುಕೊಳ್ಳದ ಪದಾರ್ಥ ಸೇರಿದ್ದರೆ ಹಡಗಿನಲ್ಲಿರುವಾಗಲೇ ತಿದ್ದಿಸಿಕೊಳ್ಳಬೇಕು, ದಡಕ್ಕೆ ಇಳಿದ ಮೇಲೆ ಆ ಕೆಲಸ ಕಷ್ಟ. ಹಡಗು ಬೆಳಿಗ್ಗೆ ಮುಂಬಯಿ ಮುಟ್ಟಿದರೂ ಗದಗಿನ ಕಡೆಗೆ ಬರುವ ರೈಲು ಹೊರಡುವುದು ರಾತ್ರಿ. ಅಷ್ಟೂ ಹೊತ್ತು ಮುದುಕರನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂಡಿಸುವುದಕ್ಕಿಂತ, ಟರ್ಮಿನಸ್ಸಿನ ಸಾಮಾನು ಕೋಣೆಯಲ್ಲಿ ಪೆಟ್ಟಿಗೆಗಳನ್ನಿಟ್ಟು, ಸಮೀಪದಲ್ಲಿ ಹಗಲಿಗೊಂದು ಕೋಣೆಯನ್ನು ಹಿಡಿದು ಮಲಗಿಸಿದರೆ, ಮರುದಿನ ಗದಗಿನಲ್ಲಿ ಇಳಿದು ರಾಜೂರಿನ ಬಸ್ಸು ಹಿಡಿಯುವಷ್ಟು ತ್ರಾಣ ಅವರಲ್ಲಿ ಉಳಿದಿರುತ್ತದೆ.